ಹತ್ತರಲ್ಲಿ ಮೂರು ಹೊಡೆತ

ಬೇಸ್‌ಬಾಲ್‌ನಲ್ಲಿ ಹತ್ತು ಸಲ ಬ್ಯಾಟ್ ಹಿಡಿದು ನಿಂತು ಮೂರು ಸಲ ಚೆಂಡನ್ನು ಸರಿಯಾಗಿ ಬಾರಿಸಿದವನು ಒಳ್ಳೆಯ ದಾಂಡಿಗ. ಹದಿನೈದಿಪ್ಪತ್ತು ವರ್ಷ ಅದನ್ನೇ ಮಾಡುತ್ತ ಹೋದರೆ, ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಎಂಬ ಸಣ್ಣ ಊರಿನ ಹಾಲ್ ಆಫ್ ಫೇಮ್‌ನಲ್ಲಿ ಅವನ ಹೆಸರಿನ ಕಂಚಿನ ಫಲಕ ಗೋಡೆಯೇರುವ ಸಾಧ್ಯತೆ ಇರುತ್ತದೆ. ಉಳಿದ ಏಳು ಸಲ ಅವನು ಬರಿಗೈಲಿ ಮರಳಿದ್ದನ್ನು ಯಾರೂ ಕೊರತೆಯೆಂದು ಎಣಿಸುವುದಿಲ್ಲ. ಇಷ್ಟು ಸೋಲನ್ನು ಶ್ರೇಷ್ಠತೆಯ ಒಳಗೇ ಇಟ್ಟುಕೊಂಡ ಆಟ ಇನ್ನೊಂದನ್ನು ಹುಡುಕುವುದು ಕಷ್ಟ.

ಕಾರಣ ಆಟದ ಅಳತೆಗಳಲ್ಲೇ ಇದೆ. ಚೆಂಡು ಎಸೆಯುವ ಪಿಚರ್ ನಿಲ್ಲುವ ದಿಬ್ಬಕ್ಕೂ ಬ್ಯಾಟರ್ ಮುಂದಿನ ಹೋಮ್ ಪ್ಲೇಟ್‌ಗೂ ನಡುವೆ 60 ಅಡಿ 6 ಅಂಗುಲ ದೂರ. 1893ರಿಂದ ಇದು ಬದಲಾಗಿಲ್ಲ. ಗಂಟೆಗೆ 150 ಕಿಲೋಮೀಟರ್ ವೇಗದ ಎಸೆತ ಈ ದೂರವನ್ನು ಸುಮಾರು 0.4 ಸೆಕೆಂಡಿನಲ್ಲಿ ದಾಟುತ್ತದೆ. ಬ್ಯಾಟ್ ಬೀಸಲು ಬೇಕಾದ ಹೊತ್ತನ್ನು ಕಳೆದರೆ, ಹೊಡೆಯಬೇಕೋ ಬಿಡಬೇಕೋ ಎಂದು ತೀರ್ಮಾನಿಸಲು ಉಳಿಯುವುದು ಸೆಕೆಂಡಿನ ಕಾಲುಭಾಗ. ಕ್ರಿಕೆಟ್ ಬ್ಯಾಟಿಗೆ ನಾಲ್ಕು ಅಂಗುಲಕ್ಕೂ ಮಿಕ್ಕಿದ ಚಪ್ಪಟೆ ಮುಖವಿದೆ. ಬೇಸ್‌ಬಾಲ್ ಬ್ಯಾಟ್ ಒನಕೆಯಂತೆ ದುಂಡು, ಅದರ ದಪ್ಪ ಈಗಿನ ನಿಯಮದಂತೆ 2.61 ಅಂಗುಲ ಮೀರುವಂತಿಲ್ಲ. ಚಿನ್ನಿದಾಂಡು ಆಡಿದವರಿಗೆ ಗಾಳಿಯಲ್ಲಿರುವ ಚಿನ್ನಿಗೆ ದುಂಡು ಕೋಲು ತಾಕಿಸುವ ಕಷ್ಟ ಗೊತ್ತು. ಬೇಸ್‌ಬಾಲ್‌ನಲ್ಲಿ ಆ ಚಿನ್ನಿಯನ್ನು ಎದುರಾಳಿಯೇ ಎಸೆಯುತ್ತಾನೆ, ಅದೂ ಕೊನೆಗಳಿಗೆಯಲ್ಲಿ ತಿರುಗುವಂತೆ, ಕುಸಿಯುವಂತೆ.

ಹೊಡೆದ ಚೆಂಡು ಎಲ್ಲೆಂದರಲ್ಲಿ ಹೋದರೂ ನಡೆಯುವುದಿಲ್ಲ. ಹೋಮ್ ಪ್ಲೇಟ್‌ನಿಂದ ಬೀಸಣಿಗೆಯಂತೆ ತೆರೆದುಕೊಳ್ಳುವ 90 ಡಿಗ್ರಿಯ ಅಂಗಳದೊಳಗೇ ಅದು ಬೀಳಬೇಕು. ಅಲ್ಲಿ ಎದುರಾಳಿಗಳು ಕೈಗವಸು ತೊಟ್ಟು ಕಾದಿರುತ್ತಾರೆ. ಬೀಸಿ ತಪ್ಪಿದ ಇಲ್ಲವೇ ಹೊಡೆಯಬಹುದಾಗಿದ್ದೂ ಬಿಟ್ಟ ಎಸೆತ ಒಂದು ಸ್ಟ್ರೈಕ್. ಮೂರು ಸ್ಟ್ರೈಕ್ ಆದರೆ ಆಟಗಾರ ಔಟ್. ಕ್ರಿಕೆಟಿಗನಂತೆ ಒಂದು ಗಂಟೆ ತಡೆದಾಡುತ್ತ ಕಣ್ಣು ಪಳಗಿಸಿಕೊಳ್ಳುವ ಅವಕಾಶ ಇಲ್ಲಿಲ್ಲ.

ಈ ಆಟದ ಸಾಧನೆಗಳನ್ನು ಅಳೆಯುವ ಕೋಲನ್ನು ಕೊಟ್ಟವರು ಕ್ರಿಕೆಟ್ ಬಲ್ಲ ಒಬ್ಬ ಪತ್ರಕರ್ತ. ಇಂಗ್ಲೆಂಡಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಅಮೆರಿಕದ ಬ್ರೂಕ್ಲಿನ್‌ಗೆ ಬಂದ ಹೆನ್ರಿ ಚಾಡ್ವಿಕ್ ಮೊದಲು ಕ್ರಿಕೆಟ್ ಪಂದ್ಯಗಳ ವರದಿ ಬರೆಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಬೇಸ್‌ಬಾಲ್‌ನತ್ತ ಹೊರಳಿದ ಅವರು ಪ್ರತಿ ಪಂದ್ಯದ ವಿವರವನ್ನು ಒಂದು ಪುಟ್ಟ ಕೋಷ್ಟಕದಲ್ಲಿ ಅಡಕಗೊಳಿಸುವ ಕ್ರಮವನ್ನು ರೂಢಿಗೆ ತಂದರು. ಬ್ಯಾಟಿಂಗ್ ಸರಾಸರಿಯೂ ಅವರ ಕೊಡುಗೆಯೇ. ಲೆಕ್ಕ ಸರಳ. ಎದುರಾಳಿಯ ತಪ್ಪಿನ ನೆರವಿಲ್ಲದೆ, ತನ್ನ ಹೊಡೆತದಿಂದಲೇ ಬ್ಯಾಟರ್ ಕನಿಷ್ಠ ಮೊದಲ ಬೇಸ್ (ಓಡಿ ಸುತ್ತಬೇಕಾದ ನಾಲ್ಕು ಠಾಣೆಗಳಲ್ಲಿ ಮೊದಲನೆಯದು) ಮುಟ್ಟಿದರೆ ಅದು ಒಂದು ಹಿಟ್. ಹಿಟ್‌ಗಳ ಸಂಖ್ಯೆಯನ್ನು ಬ್ಯಾಟಿಂಗ್ ಸರದಿಗಳ ಸಂಖ್ಯೆಯಿಂದ ಭಾಗಿಸಿ ಮೂರು ದಶಾಂಶದವರೆಗೆ ಬರೆಯುತ್ತಾರೆ. ನಾಲ್ಕು ಕೆಟ್ಟ ಎಸೆತಗಳನ್ನು ಬಿಟ್ಟು ಪುಕ್ಕಟೆ ಬೇಸ್ ಪಡೆಯುವ ‘ವಾಕ್’ ಈ ಲೆಕ್ಕಕ್ಕೆ ಸೇರುವುದಿಲ್ಲ. ಹತ್ತಕ್ಕೆ ಮೂರು ಎಂದರೆ .300, ಅದು ಗೌರವದ ಗೆರೆ. ಹತ್ತಕ್ಕೆ ನಾಲ್ಕು ಎಂದರೆ .400, ಅದು ಒಂದು ಇಡೀ ಋತುವಿಗೆ ಈಗ ಯಾರಿಗೂ ಎಟುಕದ ಎತ್ತರ.

ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಬೇಸ್‌ಬಾಲ್ ಶಕ್ತಿಯ ಆಟವಾಗಿರಲಿಲ್ಲ. ಒಂದೇ ಚೆಂಡನ್ನು ಪಂದ್ಯದುದ್ದಕ್ಕೂ ಬಳಸುತ್ತಿದ್ದರು. ಅದು ಮಣ್ಣು ಮೆತ್ತಿ, ಮೆದುವಾಗಿ, ಸಂಜೆಯ ಹೊತ್ತಿಗೆ ಕಣ್ಣಿಗೂ ಸರಿಯಾಗಿ ಕಾಣಿಸುತ್ತಿರಲಿಲ್ಲ. ಪಿಚರ್‌ಗಳು ಉಗುಳು ಹಚ್ಚಿ ಎಸೆಯುವುದೂ ನಿಯಮಬದ್ಧವೇ ಆಗಿತ್ತು. ಆ ಕಾಲದ ದೊರೆ ಜಾರ್ಜಿಯಾ ರಾಜ್ಯದ ಟೈ ಕಾಬ್. ಎರಡೂ ಕೈಗಳ ನಡುವೆ ಅಂತರ ಬಿಟ್ಟು ಬ್ಯಾಟ್ ಹಿಡಿದು, ಕಾವಲುಗಾರರ ನಡುವಿನ ಸಂದಿಗೆ ಚೆಂಡನ್ನು ತಳ್ಳಿ ಓಡುವುದು ಅವರ ಕ್ರಮ. ಒಂದೇ ಹೊಡೆತಕ್ಕೆ ನಾಲ್ಕೂ ಬೇಸ್ ಸುತ್ತಿ ಬಂದರೆ ಅದು ಹೋಮ್ ರನ್. 1909ರಲ್ಲಿ ಅಮೆರಿಕನ್ ಲೀಗ್‌ನ ಅತಿ ಹೆಚ್ಚು ಹೋಮ್ ರನ್ ಅವರದೇ, ಆದರೆ ಆ ಸಂಖ್ಯೆ ಬರೀ ಒಂಬತ್ತು. ಅವುಗಳಲ್ಲಿ ಒಂದೂ ಬೇಲಿ ದಾಟಿರಲಿಲ್ಲ, ಎಲ್ಲವೂ ಅಂಗಳದೊಳಗೇ ಬಿದ್ದ ಚೆಂಡಿಗೆ ನಾಲ್ಕೂ ಬೇಸ್ ಓಡಿ ಗಳಿಸಿದವು. 1905ರಿಂದ 1928ರವರೆಗೆ ಆಡಿದ ಕಾಬ್, ಮೊದಲ ವರ್ಷವೊಂದನ್ನು ಬಿಟ್ಟರೆ ಸತತ 23 ಋತು .300 ಮೀರಿದರು. ಅವರ ಜೀವಮಾನದ ಸರಾಸರಿ .367. ಹಿಟ್‌ಗಳ ಸಂಖ್ಯೆ 4,191 ಎಂದು ದಶಕಗಟ್ಟಲೆ ನಂಬಲಾಗಿತ್ತು. ಹಳೆಯ ದಾಖಲೆಗಳನ್ನು ಕೆದಕಿದ ಸಂಶೋಧಕರು 1910ರ ಒಂದು ಪಂದ್ಯ ಎರಡು ಸಲ ದಾಖಲಾಗಿರುವುದನ್ನು ಪತ್ತೆಹಚ್ಚಿದ ಮೇಲೆ ಹಲವು ಪುಸ್ತಕಗಳಲ್ಲಿ ಅದು 4,189 ಆಯಿತು.

ಈ ಬಗೆಯ ಆಟವನ್ನು ಒಂದೆರಡು ವರ್ಷಗಳಲ್ಲಿ ತಲೆಕೆಳಗು ಮಾಡಿದವರು ಬೇಬ್ ರೂತ್. ಬಾಲ್ಟಿಮೋರ್ ನಗರದಲ್ಲಿ 1895ರಲ್ಲಿ ಹುಟ್ಟಿದ ಈ ಹುಡುಗನನ್ನು ಹದ್ದುಬಸ್ತಿಗೆ ತರಲಾಗದೆ ತಂದೆತಾಯಿ ಏಳರ ವಯಸ್ಸಿಗೇ ಕ್ರೈಸ್ತ ಗುರುಗಳು ನಡೆಸುತ್ತಿದ್ದ ಬಾಲಕರ ಶಾಲೆಗೆ ಸೇರಿಸಿದರು. ಬ್ಯಾಟ್ ಬೀಸುವುದನ್ನು ಕಲಿತದ್ದು ಅಲ್ಲಿಯ ಬ್ರದರ್ ಮಥಾಯಸ್ ಅವರನ್ನು ನೋಡಿ. ಬಾಸ್ಟನ್ ರೆಡ್ ಸಾಕ್ಸ್ ತಂಡಕ್ಕೆ ರೂತ್ ಬಂದದ್ದು ಪಿಚರ್ ಆಗಿ, ಅದೂ ಲೀಗ್‌ನ ಉತ್ತಮ ಪಿಚರ್‌ಗಳಲ್ಲಿ ಒಬ್ಬರಾಗಿ. ಬ್ಯಾಟಿಂಗ್‌ಗೆ ಹೆಚ್ಚು ಅವಕಾಶ ಸಿಕ್ಕಿದ 1919ರಲ್ಲಿ 29 ಹೋಮ್ ರನ್ ಬಾರಿಸಿ ಆವರೆಗಿನ ದಾಖಲೆ ಮುರಿದರು. ಆ ವರ್ಷಾಂತ್ಯಕ್ಕೆ ಬಾಸ್ಟನ್ ಅವರನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಮಾರಿತು. 1920ರಲ್ಲಿ ರೂತ್ ಬಾರಿಸಿದ್ದು 54. ಅಮೆರಿಕನ್ ಲೀಗ್‌ನ ಉಳಿದ ಏಳು ತಂಡಗಳಲ್ಲಿ ಯಾವ ತಂಡವೂ, ಎಲ್ಲ ಆಟಗಾರರ ಲೆಕ್ಕ ಕೂಡಿಸಿದರೂ, ಅಷ್ಟನ್ನು ಮುಟ್ಟಲಿಲ್ಲ. ಆ ವರ್ಷ ಯಾಂಕೀಸ್ ತಂಡದ ತವರಿನ ಪಂದ್ಯಗಳಿಗೆ ಬಂದ ಪ್ರೇಕ್ಷಕರ ಸಂಖ್ಯೆ ಹತ್ತು ಲಕ್ಷ ದಾಟಿತು. ಅದುವರೆಗೆ ಯಾವ ತಂಡವೂ ಅಷ್ಟು ಜನರನ್ನು ಕಂಡಿರಲಿಲ್ಲ.

ಆಟದ ನಿಯಮಗಳೂ ಆಗಲೇ ಬದಲಾಗುತ್ತಿದ್ದವು. ಉಗುಳು ಹಚ್ಚಿದ ಎಸೆತಕ್ಕೆ 1920ರಲ್ಲಿ ನಿಷೇಧ ಬಂತು. ಅದೇ ಆಗಸ್ಟ್‌ನಲ್ಲಿ ಕ್ಲೀವ್‌ಲ್ಯಾಂಡ್ ತಂಡದ ರೇ ಚಾಪ್‌ಮನ್ ತಲೆಗೆ ಎಸೆತ ಬಡಿದು ಮರುದಿನ ಸತ್ತರು. ಅಮೆರಿಕದ ಅತ್ಯುನ್ನತ ಮಟ್ಟವಾದ ಮೇಜರ್ ಲೀಗ್ ಪಂದ್ಯದಲ್ಲಿ ಎಸೆತ ತಗುಲಿ ಆಟಗಾರನೊಬ್ಬ ಸತ್ತದ್ದು ಅದೊಂದೇ ಸಲ. ಕೊಳೆಯಾದ ಚೆಂಡನ್ನು ಕೂಡಲೇ ಬದಲಿಸುವ ರೂಢಿ ಆ ಸಾವಿನ ನಂತರ ಗಟ್ಟಿಯಾಯಿತು. ಬಿಳಿಯ ಹೊಸ ಚೆಂಡು ಕಣ್ಣಿಗೆ ಚೆನ್ನಾಗಿ ಕಾಣುತ್ತಿತ್ತು, ದೂರಕ್ಕೂ ಹಾರುತ್ತಿತ್ತು. ಅದರ ಲಾಭ ಎಲ್ಲ ಬ್ಯಾಟರ್‌ಗಳಿಗೂ ಸಿಕ್ಕಿತು. ಸೇಂಟ್ ಲೂಯಿಸ್‌ನ ರೋಜರ್ಸ್ ಹಾರ್ನ್ಸ್‌ಬಿ 1924ರಲ್ಲಿ .424 ಸರಾಸರಿ ದಾಖಲಿಸಿದ್ದು ಈ ಹೊಸ ಕಾಲದಲ್ಲೇ. ಆದರೆ ಒಂದು ಕಿಲೋಗೂ ಹೆಚ್ಚು ತೂಕದ ಬ್ಯಾಟನ್ನು ಬುಡದಲ್ಲಿ ಹಿಡಿದು, ತಪ್ಪಿದರೆ ತಪ್ಪಲಿ ಎಂದು ಮೈಯೆಲ್ಲ ತಿರುಗಿಸಿ ಬೀಸುವ ಧೈರ್ಯ ರೂತ್ ಅವರದೇ. 1927ರಲ್ಲಿ 60 ಹೋಮ್ ರನ್, 1935ರಲ್ಲಿ ನಿವೃತ್ತರಾಗುವಾಗ ಒಟ್ಟು 714. ಒಬ್ಬ ಆಟಗಾರ ತನ್ನ ಕಾಲದವರಿಂದ ಇಷ್ಟು ದೂರ ಮುಂದೆ ಹೋದದ್ದಕ್ಕೆ ಕ್ರಿಕೆಟ್‌ನಲ್ಲಿ ಡಾನ್ ಬ್ರಾಡ್ಮನ್ ಅವರ 99.94ರ ಸರಾಸರಿಯೊಂದೇ ಸರಿಸಾಟಿ. 1932ರಲ್ಲಿ ಬ್ರಾಡ್ಮನ್ ಅಮೆರಿಕ ಪ್ರವಾಸದಲ್ಲಿದ್ದಾಗ ಇಬ್ಬರೂ ನ್ಯೂಯಾರ್ಕ್‌ನಲ್ಲಿ ಭೇಟಿಯಾಗಿ, ಒಟ್ಟಿಗೆ ಕುಳಿತು ಪಂದ್ಯ ನೋಡಿದ್ದರು.

ಬೇಸ್‌ಬಾಲ್ ಬ್ಯಾಟಿಂಗ್‌ನ ಇತಿಹಾಸದಲ್ಲಿ ಒಂದೇ ಒಂದು ವರ್ಷವನ್ನು ಆರಿಸಿಕೊಳ್ಳಬೇಕಾದರೆ ಅದು 1941. ಎರಡು ದೊಡ್ಡ ಸಾಧನೆಗಳು ಅದೇ ಬೇಸಿಗೆಯಲ್ಲಿ, ಒಂದೇ ಲೀಗ್‌ನಲ್ಲಿ ನಡೆದವು. ಅಮೆರಿಕ ಎರಡನೆಯ ಮಹಾಯುದ್ಧಕ್ಕೆ ಇಳಿಯಲು ಇನ್ನೇನು ಕೆಲವೇ ತಿಂಗಳು ಉಳಿದಿದ್ದವು.

ಮೊದಲನೆಯದು ಯಾಂಕೀಸ್ ತಂಡದ ಜೋ ಡಿಮಾಜಿಯೊ ಅವರದು. ಇಟಲಿಯಿಂದ ವಲಸೆ ಬಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೀನು ಹಿಡಿಯುತ್ತಿದ್ದವರ ಮಗ ಅವರು. ಹೆಮಿಂಗ್ವೇ ಅವರ ‘ದಿ ಓಲ್ಡ್ ಮ್ಯಾನ್ ಅಂಡ್ ದ ಸೀ’ ಓದಿದ ಕನ್ನಡಿಗರಿಗೆ ಈ ಹೆಸರು ಹೊಸದಲ್ಲ. ನಡುಗಡಲಲ್ಲಿ ಮೀನಿನೊಡನೆ ಒಂಟಿಯಾಗಿ ಸೆಣಸುವ ಮುದುಕ ಮತ್ತೆ ಮತ್ತೆ ನೆನೆಯುವ ಆಟಗಾರ ಈ ಡಿಮಾಜಿಯೊ ಅವರೇ. 1941ರ ಮೇ 15ರಂದು ಅವರು ಒಂದು ಹಿಟ್ ಗಳಿಸಿದರು. ಮರುದಿನವೂ ಗಳಿಸಿದರು. ಆಮೇಲೆ ಜುಲೈ 16ರವರೆಗೆ ಒಂದು ಪಂದ್ಯದಲ್ಲೂ ಹಿಟ್ ಇಲ್ಲದೆ ಹೊರಬರಲಿಲ್ಲ. ಒಟ್ಟು 56 ಪಂದ್ಯಗಳು. ನಿತ್ಯವೂ ಬೇರೆ ಪಿಚರ್, ಬೇರೆ ಊರು, ರೈಲು ಪ್ರಯಾಣದ ದಣಿವು. ನಾಲ್ಕು ಸಲ ಬ್ಯಾಟ್ ಹಿಡಿದರೆ ನಾಲ್ಕೂ ಸಲ ವಿಫಲರಾಗುವುದು ಎಂಥ ಶ್ರೇಷ್ಠರಿಗೂ ಆಗಾಗ ಆಗುವಂಥದ್ದು. ಎರಡು ತಿಂಗಳ ಕಾಲ ಅಂಥ ಒಂದು ದಿನವೂ ಬಾರದಂತೆ ನೋಡಿಕೊಂಡದ್ದೇ ಈ ದಾಖಲೆಯ ತೂಕ.

ಜೂನ್ 29ರಂದು ವಾಷಿಂಗ್ಟನ್‌ನಲ್ಲಿ ಒಂದೇ ದಿನ ಎರಡು ಪಂದ್ಯಗಳಿದ್ದವು. ಜಾರ್ಜ್ ಸಿಸ್ಲರ್ 1922ರಲ್ಲಿ ಸ್ಥಾಪಿಸಿದ್ದ 41 ಪಂದ್ಯಗಳ ಲೀಗ್ ದಾಖಲೆಯನ್ನು ಮೊದಲ ಪಂದ್ಯದಲ್ಲಿ ಡಿಮಾಜಿಯೊ ಸರಿಗಟ್ಟಿದರು. ಎರಡನೆಯದಕ್ಕೆ ಇಳಿಯುವಷ್ಟರಲ್ಲಿ ಅವರ ಬ್ಯಾಟ್ ಕಳುವಾಗಿತ್ತು. ಸಹ ಆಟಗಾರ ಟಾಮಿ ಹೆನ್ರಿಕ್ ಅವರ ಕೈಯಿಂದ ಬ್ಯಾಟ್ ಪಡೆದು ಆಡಿ ದಾಖಲೆ ಮುರಿದರು. ಕೆಲವೇ ದಿನಗಳಲ್ಲಿ ವಿಲೀ ಕೀಲರ್ 1897ರಲ್ಲಿ ಮಾಡಿದ್ದ 44ನ್ನೂ ದಾಟಿದರು. ಜುಲೈ 17ರ ರಾತ್ರಿ ಕ್ಲೀವ್‌ಲ್ಯಾಂಡ್‌ನಲ್ಲಿ 67 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಮೂರನೇ ಬೇಸ್ ಕಾಯುತ್ತಿದ್ದ ಕೆನ್ ಕೆಲ್ಟ್ನರ್ ಗೆರೆಯ ಅಂಚಿನಲ್ಲಿ ನೆಲಕ್ಕೆ ತಾಗಿ ನುಗ್ಗುತ್ತಿದ್ದ ಚೆಂಡನ್ನು ಎರಡು ಸಲ ಹಿಡಿದು, ದೂರದಿಂದ ಮೊದಲ ಬೇಸ್‌ಗೆ ಎಸೆದು ಔಟ್ ಮಾಡಿದರು. ಸರಣಿ ಮುರಿಯಿತು. ಮರುದಿನದಿಂದ ಡಿಮಾಜಿಯೊ ಮತ್ತೆ 16 ಪಂದ್ಯ ಸತತವಾಗಿ ಹಿಟ್ ಗಳಿಸಿದರು. ಅಂದರೆ 73 ಪಂದ್ಯಗಳಲ್ಲಿ 72. ಆಮೇಲಿನ ಇಷ್ಟು ವರ್ಷಗಳಲ್ಲಿ ಆ 56ಕ್ಕೆ ಅತಿ ಸಮೀಪ ಬಂದವರು 1978ರಲ್ಲಿ ಪೀಟ್ ರೋಸ್, ಅವರದು 44ಕ್ಕೆ ನಿಂತಿತು.

ಎರಡನೆಯ ಸಾಧನೆ ಬಾಸ್ಟನ್‌ನ ಟೆಡ್ ವಿಲಿಯಮ್ಸ್ ಅವರದು. ಆಗ ಅವರಿಗೆ 23 ವರ್ಷ. ಜಗತ್ತಿನ ಶ್ರೇಷ್ಠ ದಾಂಡಿಗ ಎನಿಸಿಕೊಳ್ಳಬೇಕೆಂಬುದೊಂದೇ ಅವರ ಬಯಕೆ. ಸೆಪ್ಟೆಂಬರ್ 28ರ ಭಾನುವಾರ, ಫಿಲಡೆಲ್ಫಿಯಾದಲ್ಲಿ ಋತುವಿನ ಕೊನೆಯ ಎರಡು ಪಂದ್ಯಗಳು. ಹಿಂದಿನ ದಿನ ನಾಲ್ಕಕ್ಕೆ ಒಂದೇ ಹಿಟ್ ಬಂದಿದ್ದರಿಂದ ಅವರ ಸರಾಸರಿ .39955ಕ್ಕೆ ಇಳಿದಿತ್ತು. ಮೂರು ದಶಾಂಶಕ್ಕೆ ಬರೆದರೆ ಅದು .400 ಆಗುತ್ತದೆ. ಬೇಕಿದ್ದರೆ ಆಡದೆ ಹೊರಗುಳಿಯಬಹುದು ಎಂದು ತಂಡದ ಮ್ಯಾನೇಜರ್ ಜೋ ಕ್ರೋನಿನ್ ಸೂಚಿಸಿದರು. ವಿಲಿಯಮ್ಸ್ ಒಪ್ಪಲಿಲ್ಲ. ಶನಿವಾರ ರಾತ್ರಿ ತಂಡದ ಸಹಾಯಕನೊಬ್ಬನ ಜೊತೆ ಮೈಲುಗಟ್ಟಲೆ ಬೀದಿ ಸುತ್ತಿದರು. ಬೆಳಗ್ಗೆ ಚಳಿ, ಮೋಡ. ಮೊದಲ ಪಂದ್ಯದಲ್ಲಿ ಐದಕ್ಕೆ ನಾಲ್ಕು ಹಿಟ್ ಬಂದವು. ಅಲ್ಲಿಗೆ .400 ಖಚಿತವಾಗಿತ್ತು, ಆದರೂ ಎರಡನೆಯದಕ್ಕೂ ಇಳಿದರು. ಅಲ್ಲಿ ಮೂರಕ್ಕೆ ಎರಡು, ಅವುಗಳಲ್ಲೊಂದು ಮೈದಾನದಂಚಿನ ಧ್ವನಿವರ್ಧಕಕ್ಕೆ ಬಡಿಯಿತು. ಋತುವಿನ ಲೆಕ್ಕ 456 ಸರದಿಗಳಲ್ಲಿ 185 ಹಿಟ್, ಸರಾಸರಿ .406. ಆಗಿನ ನಿಯಮ ಈಗಿನಷ್ಟು ಉದಾರವಾಗಿರಲಿಲ್ಲ. ಚೆಂಡನ್ನು ದೂರಕ್ಕೆ ಎತ್ತಿ ಹೊಡೆದು, ತಾನು ಔಟಾದರೂ ಸಹ ಆಟಗಾರನಿಗೆ ರನ್ ಗಳಿಸಿಕೊಡುವ ಹೊಡೆತವನ್ನು ಈಗ ಸರಾಸರಿಯ ಲೆಕ್ಕದಿಂದ ಬಿಡುತ್ತಾರೆ. 1941ರಲ್ಲಿ ಅದನ್ನೂ ಸೋಲೆಂದೇ ಎಣಿಸುತ್ತಿದ್ದರು. ಈಗಿನಂತೆ ಎಣಿಸಿದರೆ ವಿಲಿಯಮ್ಸ್ ಅವರ ಅಂಕಿ ಇನ್ನೂ ಮೇಲೇರುತ್ತದೆ.

ಆ ವರ್ಷದ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಡಿಮಾಜಿಯೊ ಅವರ ಪಾಲಾಯಿತು. ವಿಲಿಯಮ್ಸ್ ಎರಡು ಯುದ್ಧಗಳಲ್ಲಿ ಸೇನೆಯ ವಿಮಾನ ಚಾಲಕರಾಗಿ ಸೇವೆ ಸಲ್ಲಿಸಿ, ಆಟದ ಉತ್ತಮ ವರ್ಷಗಳಲ್ಲಿ ಸುಮಾರು ಐದನ್ನು ಕಳೆದುಕೊಂಡರು. ಹಾಗಿದ್ದೂ 521 ಹೋಮ್ ರನ್ ಗಳಿಸಿದರು. ಹಿಟ್, ವಾಕ್ ಎಲ್ಲ ಸೇರಿ ಬೇಸ್ ತಲಪುವ ಪ್ರಮಾಣದಲ್ಲಿ ಅವರ .482 ಇಂದಿಗೂ ಎಲ್ಲರಿಗಿಂತ ಮೇಲಿದೆ. 1960ರಲ್ಲಿ, 42ನೇ ವಯಸ್ಸಿನಲ್ಲಿ, ಕೊನೆಯ ಸಲ ಬ್ಯಾಟ್ ಹಿಡಿದಾಗಲೂ ಹೋಮ್ ರನ್ ಬಾರಿಸಿಯೇ ಮೈದಾನ ಬಿಟ್ಟರು.

ವಿಲಿಯಮ್ಸ್ ನಂತರ ಅಮೆರಿಕನ್ ಲೀಗ್ ಮತ್ತು ನ್ಯಾಷನಲ್ ಲೀಗ್‌ನಲ್ಲಿ ಯಾರೂ .400 ಮುಟ್ಟಿಲ್ಲ. 1980ರಲ್ಲಿ ಜಾರ್ಜ್ ಬ್ರೆಟ್ .390ಕ್ಕೆ ನಿಂತರು. 1994ರಲ್ಲಿ ಟೋನಿ ಗ್ವಿನ್ .394ರಲ್ಲಿದ್ದಾಗ ಆಟಗಾರರ ಮುಷ್ಕರದಿಂದ ಋತುವೇ ಆಗಸ್ಟ್‌ನಲ್ಲಿ ಮುಗಿದುಹೋಯಿತು. ಹಿಂದಿನವರಷ್ಟು ಸಮರ್ಥರು ಈಗಿಲ್ಲ ಎಂಬ ಹಳಬರ ವಾದವನ್ನು ಜೀವವಿಜ್ಞಾನಿ ಸ್ಟೀಫನ್ ಜೇ ಗೋಲ್ಡ್ ತಿರುಗಿಸಿ ಹಾಕಿದರು. ಅವರ ಪ್ರಕಾರ ಒಟ್ಟಾರೆ ಆಟದ ಮಟ್ಟ ಏರಿದ್ದರಿಂದಲೇ .400 ಮಾಯವಾಯಿತು. ಹಿಂದೆ ದುರ್ಬಲ ಪಿಚರ್‌ಗಳೂ ಬಹಳ ಇದ್ದರು, ಕಾವಲೂ ಸಡಿಲವಾಗಿತ್ತು, ಆದ್ದರಿಂದ ಒಬ್ಬ ಅಸಾಮಾನ್ಯ ಬ್ಯಾಟರ್ ಉಳಿದವರಿಗಿಂತ ಬಹಳ ಮೇಲೇರಬಹುದಿತ್ತು. ಎಲ್ಲರೂ ಮಾನವ ಸಾಮರ್ಥ್ಯದ ಅಂಚಿಗೆ ಹತ್ತಿರವಾದಂತೆ ಅತ್ಯುತ್ತಮರಿಗೂ ಸಾಧಾರಣರಿಗೂ ನಡುವಿನ ಅಂತರ ಕಿರಿದಾಯಿತು. ಲೀಗ್‌ನ ಒಟ್ಟು ಸರಾಸರಿ ದಶಕಗಳ ಕಾಲ .260ರ ಆಸುಪಾಸಿನಲ್ಲೇ ಇದ್ದು, ಎರಡೂ ತುದಿಗಳು ಮಾತ್ರ ಒಳಗೆ ಸರಿದದ್ದು ಈ ವಾದಕ್ಕೆ ಬಲವಾದ ಸಾಕ್ಷಿ. ಇದರ ಜೊತೆಗೆ, ಪಂದ್ಯದ ನಡುವೆ ದಣಿದ ಪಿಚರ್ ಹೋಗಿ ಹೊಸಬ ಬಿರುಸಿನ ಎಸೆತದೊಡನೆ ಬರುವುದು ಈಗ ಮಾಮೂಲು. ಕಾಬ್ ಕಾಲದಲ್ಲಿ ದಣಿದವನೇ ಕೊನೆವರೆಗೂ ಎಸೆಯುತ್ತಿದ್ದುದೇ ಹೆಚ್ಚು.

ರೂತ್ ಅವರ 60ಕ್ಕೆ 34 ವರ್ಷ ಆಯುಷ್ಯ. 1961ರಲ್ಲಿ ಯಾಂಕೀಸ್‌ನ ರೋಜರ್ ಮ್ಯಾರಿಸ್ 61 ಬಾರಿಸಿದಾಗ ಅಭಿಮಾನಿಗಳೇ ಮುಖ ತಿರುಗಿಸಿದರು. ಮಿತಭಾಷಿಯಾದ ಮ್ಯಾರಿಸ್ ರೂತ್ ಅವರ ಜಾಗಕ್ಕೆ ತಕ್ಕವರಲ್ಲ ಎಂಬ ಭಾವನೆ ಒಂದು ಕಡೆ, ಆ ವರ್ಷವೇ ಋತುವನ್ನು 154ರಿಂದ 162 ಪಂದ್ಯಗಳಿಗೆ ಹಿಗ್ಗಿಸಿದ್ದ ತಕರಾರು ಇನ್ನೊಂದು ಕಡೆ. ರೂತ್ ಅವರ ಗೆಳೆಯರೂ ಆಗಿದ್ದ ಬೇಸ್‌ಬಾಲ್ ಆಯುಕ್ತ ಫೋರ್ಡ್ ಫ್ರಿಕ್ ಎರಡು ದಾಖಲೆಗಳನ್ನೂ ಬೇರೆ ಬೇರೆಯಾಗಿ ನಮೂದಿಸಬೇಕು ಎಂದರು. ಒತ್ತಡಕ್ಕೆ ಮ್ಯಾರಿಸ್ ಅವರ ತಲೆಗೂದಲು ಉದುರತೊಡಗಿತ್ತು. ಋತುವಿನ ಕೊನೆಯ ದಿನ ಅವರು 61ನೆಯದನ್ನು ಹೊಡೆದಾಗ ಯಾಂಕೀ ಕ್ರೀಡಾಂಗಣದಲ್ಲಿ ಅರ್ಧಕ್ಕೂ ಹೆಚ್ಚು ಆಸನಗಳು ಖಾಲಿ ಇದ್ದವು. ಆ ಪ್ರತ್ಯೇಕತೆಯನ್ನು 1991ರಲ್ಲಿ ತೆಗೆದುಹಾಕಲಾಯಿತು. ಅಷ್ಟರಲ್ಲಿ ಮ್ಯಾರಿಸ್ ತೀರಿಕೊಂಡು ಸುಮಾರು ಆರು ವರ್ಷಗಳಾಗಿದ್ದವು.

ರೂತ್ ಅವರ ಒಟ್ಟು 714ರ ಬೆನ್ನು ಹತ್ತಿದವರು ಅನುಭವಿಸಿದ್ದು ಇದಕ್ಕಿಂತ ಬಹಳ ಕ್ರೂರ. ಹ್ಯಾಂಕ್ ಆ್ಯರನ್ ಹುಟ್ಟಿದ್ದು 1934ರಲ್ಲಿ, ವರ್ಣಭೇದ ಆಳುತ್ತಿದ್ದ ಅಲಬಾಮಾ ರಾಜ್ಯದ ಮೊಬೀಲ್‌ನಲ್ಲಿ. ಹೇಳಿಕೊಡುವವರಿಲ್ಲದೆ ಬ್ಯಾಟ್ ಹಿಡಿಯುವಾಗ ಕೈಗಳನ್ನು ಅದಲುಬದಲಾಗಿ ಇಟ್ಟುಕೊಂಡೇ ಆಟ ಕಲಿತರು. 1952ರಲ್ಲಿ ಕಪ್ಪು ಆಟಗಾರರ ಇಂಡಿಯಾನಾಪೊಲಿಸ್ ಕ್ಲೌನ್ಸ್ ತಂಡ ಸೇರಿ, 1954ರಲ್ಲಿ ಮೇಜರ್ ಲೀಗ್‌ಗೆ ಬಂದರು. ಒಂದೇ ಒಂದು ಋತುವಿನಲ್ಲೂ ಅವರು 50 ಹೋಮ್ ರನ್ ಹೊಡೆಯಲಿಲ್ಲ. ಅತಿ ಹೆಚ್ಚೆಂದರೆ 47. ಆದರೆ ವರ್ಷ ವರ್ಷವೂ ಮೂವತ್ತು, ನಲವತ್ತು ಬರುತ್ತಲೇ ಇದ್ದವು. 1973ರ ಋತು ಮುಗಿದಾಗ ಲೆಕ್ಕ 713 ಮುಟ್ಟಿತ್ತು.

ಆ ಚಳಿಗಾಲ ಅವರ ಪಾಲಿಗೆ ನರಕ. ಆ ವರ್ಷ ಅವರಿಗೆ ಬಂದ ಪತ್ರಗಳ ಸಂಖ್ಯೆ ಒಂಬತ್ತು ಲಕ್ಷಕ್ಕೂ ಹೆಚ್ಚು. ಮೆಚ್ಚಿ ಬರೆದವರು ಬಹಳ ಜನ. ಆದರೆ ಬಿಳಿಯನ ದಾಖಲೆಯನ್ನು ಕಪ್ಪು ಮನುಷ್ಯ ಮುರಿಯಕೂಡದು ಎಂದು ಹೊಲಸು ಭಾಷೆಯಲ್ಲಿ ಬೈದ, ಕೊಲ್ಲುತ್ತೇವೆಂದು ಬೆದರಿಸಿದ ಕಾಗದಗಳೂ ರಾಶಿ ರಾಶಿ ಬಂದವು. ಜೊತೆಗೆ ಅಂಗರಕ್ಷಕ, ಕಾಲೇಜಿನಲ್ಲಿ ಓದುತ್ತಿದ್ದ ಮಗಳಿಗೆ ಪೊಲೀಸ್ ಕಾವಲು. 1974ರ ಏಪ್ರಿಲ್ 4ರಂದು, ಹೊಸ ಋತುವಿನ ಮೊದಲ ಬೀಸಿನಲ್ಲೇ 714 ಸರಿಸಮವಾಯಿತು. ಏಪ್ರಿಲ್ 8ರ ರಾತ್ರಿ ಅಟ್ಲಾಂಟಾದಲ್ಲಿ 53 ಸಾವಿರಕ್ಕೂ ಹೆಚ್ಚು ಜನರೆದುರು, ಆಲ್ ಡೌನಿಂಗ್ ಎಸೆದ ಚೆಂಡು ಎಡಭಾಗದ ಬೇಲಿ ದಾಟಿತು. ಆ್ಯರನ್ ತಲೆ ತಗ್ಗಿಸಿ ಬೇಸ್‌ಗಳನ್ನು ಸುತ್ತುತ್ತಿದ್ದಾಗ ಪ್ರೇಕ್ಷಕರ ಕಡೆಯಿಂದ ಇಬ್ಬರು ಹುಡುಗರು ಒಳನುಗ್ಗಿ ಪಕ್ಕದಲ್ಲೇ ಓಡಿ ಬೆನ್ನು ತಟ್ಟಿದರು. ಬಂದೂಕಿದ್ದ ಅಂಗರಕ್ಷಕನ ಎದೆ ಆ ಕ್ಷಣ ಝಲ್ಲೆಂದಿರಬೇಕು. ಹೋಮ್ ಪ್ಲೇಟ್ ಬಳಿ ಕಾದಿದ್ದ ತಾಯಿ ಎಸ್ಟೆಲ್ಲಾ ಮಗನನ್ನು ಬಿಗಿಯಾಗಿ ಅಪ್ಪಿಕೊಂಡರು. ದ್ವೇಷದ ಆ ಪತ್ರಗಳನ್ನು ಆ್ಯರನ್ ಎಸೆಯದೆ ವರ್ಷಗಟ್ಟಲೆ ಜೋಪಾನವಾಗಿಟ್ಟುಕೊಂಡಿದ್ದರು.

1976ರಲ್ಲಿ ನಿಲ್ಲಿಸುವಾಗ ಅವರ ಹೋಮ್ ರನ್ 755, ಹಿಟ್ 3,771. ಹೋಮ್ ರನ್‌ಗಳನ್ನೆಲ್ಲ ಕಳೆದರೂ ಮೂರು ಸಾವಿರಕ್ಕೂ ಹೆಚ್ಚು ಹಿಟ್ ಉಳಿಯುತ್ತವೆ, ಅದಷ್ಟೇ ಸಾಕು ಒಬ್ಬ ಆಟಗಾರ ಅಮರನಾಗಲು. ತನ್ನ ಬ್ಯಾಟಿನಿಂದ ತಂಡಕ್ಕೆ ತಂದುಕೊಟ್ಟ 2,297 ರನ್‌ಗಳ ಅವರ ದಾಖಲೆ ಈಗಲೂ ಉಳಿದಿದೆ. 755 ಮಾತ್ರ 2007ರಲ್ಲಿ ಬ್ಯಾರಿ ಬಾಂಡ್ಸ್ ಕೈಗೆ ಹೋಯಿತು. ಒಂದು ಋತುವಿನಲ್ಲಿ 73, ಜೀವಮಾನದಲ್ಲಿ 762 ಹೋಮ್ ರನ್ ಅವರವು. ಎದುರಾಳಿಗಳು ಎಷ್ಟು ಹೆದರುತ್ತಿದ್ದರೆಂದರೆ 2004ರಲ್ಲಿ ಅವರಿಗೆ 232 ಸಲ ವಾಕ್ ಕೊಟ್ಟರು. ಆದರೆ 1998ರಲ್ಲಿ 70 ಬಾರಿಸಿ ಮ್ಯಾರಿಸ್ ದಾಖಲೆ ಮುರಿದ ಮಾರ್ಕ್ ಮೆಗ್ವೈರ್ ತಾವು ಸ್ಟೀರಾಯ್ಡ್ ಬಳಸಿದ್ದಾಗಿ 2010ರಲ್ಲಿ ಒಪ್ಪಿಕೊಂಡರು. ಬಾಂಡ್ಸ್ ಗೊತ್ತಿದ್ದೂ ಬಳಸಿದ್ದನ್ನು ಎಂದೂ ಒಪ್ಪಲಿಲ್ಲ, ಸಂಶಯ ಮಾತ್ರ ಬಿಡಲಿಲ್ಲ. ಪತ್ರಕರ್ತರ ಮತದಾನದಲ್ಲಿ ಹತ್ತು ವರ್ಷವೂ ಅವರಿಗೆ ಹಾಲ್ ಆಫ್ ಫೇಮ್ ಬಾಗಿಲು ತೆರೆಯಲಿಲ್ಲ. 2022ರಲ್ಲಿ ಆ್ಯರನ್ ಜಡ್ಜ್ 62 ಬಾರಿಸಿ ಅಮೆರಿಕನ್ ಲೀಗ್ ದಾಖಲೆ ಮಾಡಿದಾಗ, ಬಾಂಡ್ಸ್ ಅವರ 73ಕ್ಕಿಂತ ಇದನ್ನೇ ನಿಜವಾದ ದಾಖಲೆಯೆಂದು ಮನಸ್ಸಿನಲ್ಲಿಟ್ಟುಕೊಂಡ ಅಭಿಮಾನಿಗಳು ಬಹಳ.

ದಾಖಲೆ ಪುಸ್ತಕದ ಅತಿ ದೊಡ್ಡ ತಿದ್ದುಪಡಿ ಆದದ್ದು 2024ರ ಮೇ ತಿಂಗಳಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ 1947ರವರೆಗೆ ಮೇಜರ್ ಲೀಗ್‌ಗಳಲ್ಲಿ ಕಪ್ಪು ಆಟಗಾರರಿಗೆ ಜಾಗವೇ ಇರಲಿಲ್ಲ. ಬರೆದಿಟ್ಟ ನಿಯಮವೊಂದೂ ಇಲ್ಲದೆ, ಮಾಲೀಕರ ಒಳ ಒಪ್ಪಂದದಿಂದಲೇ ನಡೆದುಬಂದ ಅನ್ಯಾಯ ಅದು. ಅವರು ತಮ್ಮದೇ ನೀಗ್ರೊ ಲೀಗ್‌ಗಳನ್ನು ಕಟ್ಟಿಕೊಂಡು ಆಡಿದರು. 1920ರಿಂದ 1948ರವರೆಗಿನ ಅಂಥ ಏಳು ಲೀಗ್‌ಗಳಿಗೆ 2020ರಲ್ಲಿ ಮೇಜರ್ ಲೀಗ್ ಮಾನ್ಯತೆ ಸಿಕ್ಕಿತು. ಸಂಶೋಧಕರು ಹಳೆಯ ಪತ್ರಿಕೆಗಳ ಪಂದ್ಯ ವರದಿಗಳನ್ನು ಒಂದೊಂದಾಗಿ ಹುಡುಕಿ ಕೂಡಿಸಿದ ಮೇಲೆ, 2,300ಕ್ಕೂ ಹೆಚ್ಚು ಆಟಗಾರರ ಅಂಕಿಗಳು ಅಧಿಕೃತ ಪಟ್ಟಿಗೆ ಸೇರಿದವು.

ಆ ದಿನ ಟೈ ಕಾಬ್ ಎರಡನೇ ಸ್ಥಾನಕ್ಕಿಳಿದರು. ಮೊದಲ ಸ್ಥಾನಕ್ಕೆ ಬಂದವರು ಹೋಮ್‌ಸ್ಟೆಡ್ ಗ್ರೇಸ್ ತಂಡದ ಕ್ಯಾಚರ್ ಜಾಶ್ ಗಿಬ್ಸನ್. ಜೀವಮಾನದ ಸರಾಸರಿ .372. ಹೊಡೆತದ ಬಲವನ್ನು ಅಳೆಯುವ ಸ್ಲಗಿಂಗ್ ಲೆಕ್ಕದಲ್ಲಿ ಅವರ .718 ರೂತ್ ಅವರ .690ನ್ನು ಹಿಂದಿಕ್ಕಿತು. ಒಂದು ಋತುವಿನ ಸರಾಸರಿಯಲ್ಲೂ ಅವರೇ ಮೇಲು, 1943ರಲ್ಲಿ .466. ಎಂದರೆ ವಿಲಿಯಮ್ಸ್ ಅವರ ಪ್ರಸಿದ್ಧ ಭಾನುವಾರ ಕಳೆದು ಎರಡೇ ವರ್ಷಕ್ಕೆ .400 ಮತ್ತೆ ದಾಟಿತ್ತು, ಪುಸ್ತಕ ಮಾತ್ರ ಅದನ್ನು ಬರೆದುಕೊಂಡಿರಲಿಲ್ಲ. ಆ ಲೀಗ್‌ಗಳ ಋತು ಚಿಕ್ಕದು, ಹೀಗಾಗಿ ಸರಾಸರಿ ಏರುವುದು ಸುಲಭ ಎಂಬ ಆಕ್ಷೇಪ ಇದೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಕಾಬ್ ಮತ್ತು ರೂತ್ ಕೂಡ ಸ್ಯಾಚೆಲ್ ಪೇಜ್ ಅವರಂಥ ಕಪ್ಪು ಪಿಚರ್‌ಗಳನ್ನು ಲೀಗ್ ಪಂದ್ಯಗಳಲ್ಲಿ ಎದುರಿಸದೆಯೇ ತಮ್ಮ ಅಂಕಿಗಳನ್ನು ಕಟ್ಟಿದವರು. ಕೊರತೆ ಎರಡೂ ಕಡೆ ಇದೆ, ಅದಕ್ಕೆ ಹೊಣೆ ಆಡಿದವರಲ್ಲ. ಗಿಬ್ಸನ್ 1947ರ ಜನವರಿಯಲ್ಲಿ 35ನೇ ವಯಸ್ಸಿಗೆ ತೀರಿಕೊಂಡರು. ಮೂರು ತಿಂಗಳ ನಂತರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡದ ಪರ ಮೈದಾನಕ್ಕಿಳಿದು ವರ್ಣದ ಗೋಡೆಯನ್ನು ಒಡೆದರು. ಪಿಟ್ಸ್‌ಬರ್ಗ್‌ನಲ್ಲಿ ಗಿಬ್ಸನ್ ಅವರ ಸಮಾಧಿಗೆ ದಶಕಗಳ ಕಾಲ ಒಂದು ಹೆಸರಿನ ಕಲ್ಲೂ ಇರಲಿಲ್ಲ.

ಒಟ್ಟು ಹಿಟ್‌ಗಳಲ್ಲಿ ಕಾಬ್ ಅವರನ್ನು ದಾಟಿದವರು ಸಿನ್ಸಿನಾಟಿಯ ಪೀಟ್ ರೋಸ್. 1985ರ ಸೆಪ್ಟೆಂಬರ್ 11ರಂದು 4,192ನೆಯ ಹಿಟ್, ಕೊನೆಗೆ 4,256. ಬೇಸ್‌ಬಾಲ್ ಪಂದ್ಯಗಳ ಮೇಲೆ ಬಾಜಿ ಕಟ್ಟಿದ್ದಕ್ಕಾಗಿ 1989ರಲ್ಲಿ ಅವರನ್ನು ಆಟದಿಂದ ಬಹಿಷ್ಕರಿಸಲಾಯಿತು. ಬಹಿಷ್ಕಾರ ತೆರವಾದದ್ದು ಅವರು ಸತ್ತ ಮೇಲೆ, 2025ರಲ್ಲಿ.

ಜಪಾನಿನಲ್ಲಿ ಈ ಆಟ ಅಮೆರಿಕದಷ್ಟೇ ಆಳವಾಗಿ ಬೇರೂರಿದೆ. ಅಲ್ಲಿಯ ಯೋಮಿಯುರಿ ಜೈಂಟ್ಸ್ ತಂಡದ ಸದಹರು ಓಹ್ 1959ರಿಂದ 1980ರವರೆಗೆ 868 ಹೋಮ್ ರನ್ ಬಾರಿಸಿದರು. ಯಾವ ದೇಶದ ಉನ್ನತ ವೃತ್ತಿಪರ ಲೀಗ್‌ನಲ್ಲೂ ಇಷ್ಟು ಹೊಡೆದವರಿಲ್ಲ. ಆರಂಭದ ವರ್ಷಗಳಲ್ಲಿ ಅವರ ಬೀಸು ಸದಾ ಹೊತ್ತು ತಪ್ಪುತ್ತಿತ್ತು. ತರಬೇತುದಾರ ಹಿರೋಶಿ ಅರಕಾವ ಅವರು ಚೆಂಡು ಬರುವವರೆಗೆ ಮುಂಗಾಲನ್ನು ಎತ್ತಿ ಒಂಟಿಗಾಲಲ್ಲಿ ನಿಲ್ಲುವುದನ್ನು ಕಲಿಸಿದರು. ಮೈಭಾರ ಮುಂಚೆಯೇ ಮುಂದಕ್ಕೆ ವಾಲದಂತೆ ತಡೆಯುವ ಉಪಾಯ ಅದು. ಚಾವಣಿಯಿಂದ ದಾರದಲ್ಲಿ ಕಾಗದದ ಚೂರು ಇಳಿಬಿಟ್ಟು, ಜಪಾನೀ ಖಡ್ಗದಿಂದ ಅದನ್ನು ಕತ್ತರಿಸುವ ಅಭ್ಯಾಸ ರಾತ್ರಿಗಳಲ್ಲಿ ನಡೆಯುತ್ತಿತ್ತು. ತೂಗಾಡುವ ಕಾಗದ ಬಲಕ್ಕೆ ಬಗ್ಗುವುದಿಲ್ಲ, ಅಲಗು ನೇರವಾಗಿ, ಸರಿಯಾದ ಕ್ಷಣಕ್ಕೆ ಬಿದ್ದರಷ್ಟೇ ಹರಿಯುತ್ತದೆ. 1974ರ ನವೆಂಬರ್‌ನಲ್ಲಿ ಟೋಕಿಯೊದಲ್ಲಿ ಆ್ಯರನ್ ಮತ್ತು ಓಹ್ ನಡುವೆ ಹೋಮ್ ರನ್ ಸ್ಪರ್ಧೆ ಏರ್ಪಟ್ಟಿತ್ತು. ಆ್ಯರನ್ 10–9ರಿಂದ ಗೆದ್ದರು, ಇಬ್ಬರೂ ಮುಂದೆ ಗೆಳೆಯರಾಗಿ ಉಳಿದರು.

ಅದೇ ನಾಡಿನ ಇಚಿರೊ ಸುಜುಕಿ 2001ರಲ್ಲಿ ಸಿಯಾಟಲ್‌ಗೆ ಬಂದಾಗ ಅಮೆರಿಕ ಹೋಮ್ ರನ್‌ಗಳ ಗುಂಗಿನಲ್ಲಿತ್ತು. ಸಪೂರ ಮೈಯ ಇಚಿರೊ ಕಾಬ್ ಕಾಲದ ಆಟವನ್ನು ಮರಳಿ ತಂದರು. ಬ್ಯಾಟ್ ಚೆಂಡಿಗೆ ತಾಗುವ ಹೊತ್ತಿಗೇ ಅವರ ಕಾಲು ಮೊದಲ ಬೇಸ್‌ನತ್ತ ಹೊರಟಿರುತ್ತಿತ್ತು. ಸತತ ಹತ್ತು ಋತು 200ಕ್ಕೂ ಹೆಚ್ಚು ಹಿಟ್. 2004ರಲ್ಲಿ 262, ಅಂದರೆ ಜಾರ್ಜ್ ಸಿಸ್ಲರ್ 1920ರಲ್ಲಿ ಮಾಡಿದ್ದ 257ರ ದಾಖಲೆ 84 ವರ್ಷಗಳ ಮೇಲೆ ಮುರಿಯಿತು. ಆ ರಾತ್ರಿ ಸಿಸ್ಲರ್ ಅವರ ಕುಟುಂಬದವರು ಕ್ರೀಡಾಂಗಣದಲ್ಲೇ ಇದ್ದರು. ಇಚಿರೊ ಅವರಿದ್ದಲ್ಲಿಗೆ ಹೋಗಿ ಕೈಕುಲುಕಿದರು. ಐದು ವರ್ಷಗಳ ನಂತರ ಸೇಂಟ್ ಲೂಯಿಸ್‌ಗೆ ಹೋದಾಗ ಸಿಸ್ಲರ್ ಅವರ ಸಮಾಧಿಯ ಮೇಲೆ ಹೂವಿಟ್ಟು ಬಂದರು. ಅಮೆರಿಕದಲ್ಲಿ 3,089, ಅದಕ್ಕೆ ಮೊದಲು ಜಪಾನಿನಲ್ಲಿ 1,278 ಹಿಟ್ ಗಳಿಸಿದ ಅವರನ್ನು 2025ರಲ್ಲಿ ಹಾಲ್ ಆಫ್ ಫೇಮ್‌ಗೆ ಆರಿಸುವಾಗ 394 ಮತಗಳಲ್ಲಿ 393 ಅವರಿಗೇ ಬಂದವು.

ಪಿಚರ್ ಆಗಿಯೂ ಬ್ಯಾಟರ್ ಆಗಿಯೂ ಮೊದಲ ಸಾಲಿನಲ್ಲಿ ನಿಲ್ಲುವವರು ಅಮೆರಿಕನ್ ಮತ್ತು ನ್ಯಾಷನಲ್ ಲೀಗ್‌ಗಳಲ್ಲಿ ರೂತ್ ನಂತರ ಸುಮಾರು ನೂರು ವರ್ಷ ಕಾಣಲಿಲ್ಲ. ಕಂಡದ್ದು ಜಪಾನಿನವರೇ ಆದ ಶೊಹೆಯ್ ಒಟಾನಿ ಅವರಲ್ಲಿ. ಮೊಣಕೈ ಶಸ್ತ್ರಚಿಕಿತ್ಸೆಯಿಂದಾಗಿ 2024ರಲ್ಲಿ ಅವರು ಚೆಂಡು ಎಸೆಯುವಂತಿರಲಿಲ್ಲ, ಲಾಸ್ ಏಂಜಲೀಸ್ ಡಾಜರ್ಸ್‌ಗಾಗಿ ಬ್ಯಾಟಿಂಗ್ ಮಾತ್ರ ಮಾಡಿದರು. ಒಂದೇ ಋತುವಿನಲ್ಲಿ 50 ಹೋಮ್ ರನ್ ಜೊತೆಗೆ 50 ಬೇಸ್ ಕದಿಯುವುದು, ಅಂದರೆ ಪಿಚರ್ ಕಣ್ಣುತಪ್ಪಿಸಿ ಮುಂದಿನ ಬೇಸ್‌ಗೆ ಓಡುವುದು, ಅದುವರೆಗೆ ಯಾರಿಂದಲೂ ಆಗಿರಲಿಲ್ಲ. ಹಾಗೆ ಹೊಡೆಯುವವನ ಮೈಕಟ್ಟೇ ಬೇರೆ, ಹೀಗೆ ಓಡುವವನದೇ ಬೇರೆ. ಸೆಪ್ಟೆಂಬರ್ 19ರಂದು ಮಯಾಮಿಯಲ್ಲಿ ಆಡಲಿಳಿದಾಗ ಅವರ ಲೆಕ್ಕ 48 ಮತ್ತು 49. ಆ ದಿನ ಆರು ಸಲ ಬ್ಯಾಟ್ ಹಿಡಿದರು, ಆರೂ ಸಲ ಹಿಟ್. ಮೂರು ಹೋಮ್ ರನ್, ಎರಡು ಬೇಸ್ ಕಳವು, ತಂಡಕ್ಕೆ ಹತ್ತು ರನ್. ಪಂದ್ಯ ಮುಗಿದಾಗ ಲೆಕ್ಕ 51 ಮತ್ತು 51. ಋತು ಮುಗಿದಾಗ 54 ಮತ್ತು 59. ಮುಂದಿನ ವರ್ಷ ಜೂನ್‌ನಲ್ಲಿ ಅವರು ಮತ್ತೆ ಪಿಚರ್‌ನ ದಿಬ್ಬ ಏರಿದರು.